ಗಂಟೆಗೆ 1.21 ಡಾಲರ್: ಬೆಂಗಳೂರಿನಿಂದ ಫ್ರೀಮಾಂಟ್‌ಗೆ ಹೋದ ಎಂಟು ಮಂದಿಯ ಪ್ರಕರಣ

ವಾರಕ್ಕಿರುವುದು 168 ಗಂಟೆ. ಅದರಲ್ಲಿ 122 ಗಂಟೆ ಕೆಲಸಕ್ಕೇ ಹೋದರೆ ಉಳಿಯುವುದು 46. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಆರೂವರೆ ಗಂಟೆ. ನಿದ್ದೆ, ಸ್ನಾನ, ಊಟ, ಓಡಾಟ, ಮನೆಗೊಂದು ಫೋನು, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. 2013ರ ಕೊನೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಬೆಂಗಳೂರು ಕಚೇರಿಯಿಂದ ಹೋಗಿದ್ದ ಕೆಲವರು ಹೀಗೆ ವಾರ ಕಳೆದಿದ್ದರು. ಅವರ ಸಂಬಳ ಮಾತ್ರ ಎಂದಿನಂತೆ ರೂಪಾಯಿಯಲ್ಲಿ, ಊರಿನ ಲೆಕ್ಕದಲ್ಲೇ ಬರುತ್ತಿತ್ತು. ಡಾಲರಿಗೆ ಬದಲಿಸಿ ನೋಡಿದರೆ ಗಂಟೆಗೆ 1.21.

ಕಂಪನಿಯ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವುದಕ್ಕೆ ಹೇಳುವ ಆನ್‌ಸೈಟ್ ಎಂಬ ಪದ ನಮ್ಮ ಮನೆಗಳಲ್ಲಿ ಓಡಾಡತೊಡಗಿ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಅಷ್ಟು ಕಾಲದಿಂದ ಅದರ ವೀಸಾ ಭಾಗವನ್ನು ಚರ್ಚಿಸಿದಷ್ಟು ವೇತನದ ಭಾಗವನ್ನು ನಾವು ಚರ್ಚಿಸಿಲ್ಲ. ಈ ಪ್ರಕರಣ ಸಣ್ಣದು, ಹಣವೂ ಸಣ್ಣದು, ಕೋರ್ಟಿನಲ್ಲಿ ದೊಡ್ಡ ವಾದವೂ ನಡೆಯಲಿಲ್ಲ. ಆದರೂ ಹೊರದೇಶಕ್ಕೆ ತಾತ್ಕಾಲಿಕವಾಗಿ ಕಳುಹಿಸಲ್ಪಟ್ಟ ನೌಕರನಿಗೆ ಯಾವ ದೇಶದ ನಿಯಮ ಅನ್ವಯಿಸುತ್ತದೆ ಎಂದು ತಿಳಿಯಲು ನನಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಕ್ಕಿಲ್ಲ.

ನಡೆದದ್ದೇನು

ಕಂಪನಿಯ ಹೆಸರು ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್, ಚಿಕ್ಕದಾಗಿ ಇಎಫ್‌ಐ. 1988ರಲ್ಲಿ ಇಸ್ರೇಲಿನ ಎಫಿ ಅರಾಜಿ ಕಟ್ಟಿದ ಸಂಸ್ಥೆ. ದೊಡ್ಡ ಬಣ್ಣದ ಮುದ್ರಣ ಯಂತ್ರಗಳನ್ನು ನಡೆಸುವ ‘ಫೈರಿ’ ಎಂಬ ವ್ಯವಸ್ಥೆ ಆಗ ಇವರದೇ ಆಗಿತ್ತು. 2013ರಲ್ಲಿ ಅದರ ವರಮಾನ 70 ಕೋಟಿ ಡಾಲರ್ ದಾಟಿತ್ತು. ಅದೇ ವರ್ಷ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಫೋಸ್ಟರ್ ಸಿಟಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಇನ್ನೊಂದು ದಡದ ಫ್ರೀಮಾಂಟ್‌ಗೆ ಸ್ಥಳಾಂತರಿಸಿತು.

ಕಚೇರಿ ಬದಲಾಯಿಸಿದವರಿಗೆ ಗೊತ್ತು, ಕುರ್ಚಿ ಮೇಜು ಸಾಗಿಸುವುದು ಸುಲಭ. ಕಂಪ್ಯೂಟರ್, ಸರ್ವರ್, ಕೇಬಲ್ ಎಲ್ಲವನ್ನೂ ಬಿಚ್ಚಿ, ಮತ್ತೆ ಜೋಡಿಸಿ, ಸೋಮವಾರ ಬೆಳಿಗ್ಗೆ ಬಂದವರಿಗೆ ಏನೂ ಆಗಿಲ್ಲವೆಂಬಂತೆ ಕೆಲಸ ಶುರುಮಾಡಿಸುವುದೇ ಕಷ್ಟ. ಈ ಕೆಲಸಕ್ಕೆ ಕಂಪನಿ ತನ್ನ ಬೆಂಗಳೂರಿನ ಐಟಿ ವಿಭಾಗದ ಎಂಟು ಮಂದಿಯನ್ನು ವಿಮಾನ ಹತ್ತಿಸಿತು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಅವರು ಅಲ್ಲಿ ದುಡಿದರು. ಕೆಲವು ವಾರ ದುಡಿಮೆ 122 ಗಂಟೆಯವರೆಗೂ ಹೋಯಿತು.

ಯಾರೋ ಹೆಸರು ಹೇಳದೆ ಅಮೆರಿಕದ ಕಾರ್ಮಿಕ ಇಲಾಖೆಗೆ ಸುಳಿವು ಕೊಟ್ಟರು. ಇಲಾಖೆಯ ವೇತನ ಮತ್ತು ದುಡಿಮೆ ಅವಧಿಯ ವಿಭಾಗ, ಅಲ್ಲಿನವರ ಬಾಯಲ್ಲಿ ವೇಜ್ ಅಂಡ್ ಅವರ್, ತನಿಖೆ ನಡೆಸಿತು. ಈ ವಿಭಾಗ ದೂರು ಕೊಟ್ಟವರ ಗುರುತು ಬಿಟ್ಟುಕೊಡುವುದಿಲ್ಲ. ದೂರಿತ್ತವರನ್ನು ಕೆಲಸದಿಂದ ತೆಗೆಯುವುದು, ಕಾಡುವುದು ಅಮೆರಿಕದ ವೇತನ ಕಾಯ್ದೆಯಡಿಯೇ ಪ್ರತ್ಯೇಕ ಅಪರಾಧ. 2014ರ ಅಕ್ಟೋಬರ್‌ನಲ್ಲಿ ಫಲಿತಾಂಶ ಹೊರಬಿತ್ತು: ಎಂಟು ಮಂದಿಗೆ ಒಟ್ಟು 40 ಸಾವಿರ ಡಾಲರಿಗೂ ಸ್ವಲ್ಪ ಹೆಚ್ಚು ಬಾಕಿ ವೇತನ, ಜೊತೆಗೆ ಕಂಪನಿಗೆ ಸುಮಾರು 3,500 ಡಾಲರ್ ದಂಡ.

ಕಂಪನಿ ಜಗಳಕ್ಕೆ ನಿಲ್ಲಲಿಲ್ಲ. ಹೊರದೇಶದ ನೌಕರರಿಗೂ ಇಲ್ಲಿನ ಮಟ್ಟದಲ್ಲೇ ಸಂಬಳ ಕೊಡಬೇಕೆಂಬ ಕಾನೂನು ನಮ್ಮ ಗಮನಕ್ಕೆ ಬಾರದೆ ಹೋಯಿತು, ಉದ್ದೇಶಪೂರ್ವಕವಲ್ಲ, ಗೊತ್ತಾದ ಕೂಡಲೇ ಸರಿಪಡಿಸಿದೆವು ಎಂದಿತು. ಅವರ ಭಾರತದ ಸಂಬಳ ನಿಂತಿರಲಿಲ್ಲ, ಮೇಲೆ ವಿಶೇಷ ಬೋನಸ್ಸನ್ನೂ ಕೊಟ್ಟಿದ್ದೆವು ಎಂದೂ ಸೇರಿಸಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಲೆಕ್ಕ

ಆಗ ಡಾಲರಿಗೆ 62 ರೂಪಾಯಿ ಆಸುಪಾಸು. 1.21 ಡಾಲರ್ ಅಂದರೆ ಗಂಟೆಗೆ 75 ರೂಪಾಯಿ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 22 ದಿನ ಎಂದು ಹಿಡಿದರೆ ಸುಮಾರು 13 ಸಾವಿರ. ಆಗಿನ ಬೆಂಗಳೂರಿನಲ್ಲಿ ಐಟಿ ಸಪೋರ್ಟ್ ಕೆಲಸಕ್ಕೆ ಈ ಸಂಬಳ ಕೇಳಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ತಮಾಷೆಯೆಂದರೆ, ಸಂಬಳ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ದುಡಿಯುವವ ನಿಂತ ನೆಲ ಬದಲಾಯಿತು, ಅಷ್ಟಕ್ಕೇ ಆ ಸಂಬಳ ಕಾನೂನುಬಾಹಿರವಾಯಿತು.

ಆಗ ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕನಿಷ್ಠ ವೇತನ ಗಂಟೆಗೆ 7.25 ಡಾಲರ್, ಕ್ಯಾಲಿಫೋರ್ನಿಯಾ ರಾಜ್ಯದ್ದು 8 ಡಾಲರ್. ಎರಡರಲ್ಲಿ ಹೆಚ್ಚಿನದೇ ಲಾಗೂ. ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು. 122 ಗಂಟೆಯ ಒಂದು ವಾರವನ್ನು ಎಂಟು ಡಾಲರ್ ಲೆಕ್ಕದಲ್ಲಿ ನೋಡೋಣ. ಮೊದಲ 40 ಗಂಟೆಗೆ 320 ಡಾಲರ್. ಉಳಿದ 82 ಗಂಟೆಗೆ, ಗಂಟೆಗೆ 12ರಂತೆ, 984. ಒಟ್ಟು 1,304 ಡಾಲರ್. 1.21ರ ಲೆಕ್ಕದಲ್ಲಿ ಅದೇ ವಾರಕ್ಕೆ ಸಿಗುವುದು 148. ಒಬ್ಬನಿಗೆ ಒಂದೇ ವಾರದ ಅಂತರ 1,156 ಡಾಲರ್.

ಇದೂ ಪೂರ್ತಿ ಲೆಕ್ಕವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓಟಿಯನ್ನು, ಅಂದರೆ ಅವಧಿ ಮೀರಿದ ದುಡಿಮೆಯ ಕೂಲಿಯನ್ನು, ದಿನದ ಲೆಕ್ಕದಲ್ಲೂ ಕಟ್ಟುತ್ತಾರೆ: ಎಂಟು ಗಂಟೆ ದಾಟಿದರೆ ಒಂದೂವರೆ ಪಟ್ಟು, ಹನ್ನೆರಡು ದಾಟಿದರೆ ಎರಡು ಪಟ್ಟು, ವಾರದ ಏಳನೇ ದಿನವೂ ದುಡಿದರೆ ಆ ದಿನಕ್ಕೆ ಇನ್ನೂ ಬೇರೆ ಲೆಕ್ಕ. ಆ ರೀತಿ ಕೂಡಿಸಿದರೆ, 122 ಗಂಟೆಯನ್ನು ಏಳು ದಿನಕ್ಕೆ ಸಮನಾಗಿ ಹಂಚಿದರೂ, 1,470 ಡಾಲರ್ ದಾಟುತ್ತದೆ. ಕೆಲವು ದಿನಕ್ಕೆಂದು ಬಂದುಹೋಗುವವರಿಗೆ ಇದೆಲ್ಲ ಯಾಕೆ ಎನ್ನುವಂತಿಲ್ಲ. ಒರಾಕಲ್ ಕಂಪನಿ ಕೊಲರಾಡೊ ಮತ್ತು ಅರಿಜೋನಾದಲ್ಲಿ ನೆಲೆಸಿದ್ದ ತನ್ನ ತರಬೇತುದಾರರನ್ನು ಆಗಾಗ ಕ್ಯಾಲಿಫೋರ್ನಿಯಾಕ್ಕೆ ಕರೆಸಿ ಕೆಲಸ ಮಾಡಿಸಿತ್ತು. ಹಾಗೆ ಬಂದು ಪೂರ್ತಿ ದಿನ ದುಡಿದವರಿಗೂ ರಾಜ್ಯದ ಓಟಿ ನಿಯಮ ಅನ್ವಯಿಸುತ್ತದೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಹೇಳಿತ್ತು. ಇಎಫ್‌ಐ ವಿಷಯದಲ್ಲಿ ಕೈಹಾಕಿದ್ದು ಫೆಡರಲ್ ಇಲಾಖೆ, ಅದು ನಡೆಸುವುದು ಫೆಡರಲ್ ಕಾಯ್ದೆಯನ್ನು.

ಈಗ ತಿರುಗಿ ಲೆಕ್ಕ ಹಾಕಿ. 40 ಸಾವಿರವನ್ನು ಎಂಟರಿಂದ ಭಾಗಿಸಿದರೆ ತಲೆಗೆ ಐದು ಸಾವಿರ ಡಾಲರ್, ಅಂದಿನ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿ. ವಾರಕ್ಕೆ 1,156ರಂತೆ ನೋಡಿದರೆ ಅದು ನಾಲ್ಕು ವಾರದ ಅಂತರಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂದರೆ ಎಂಟೂ ಮಂದಿ ಉದ್ದಕ್ಕೂ 122 ಗಂಟೆ ದುಡಿದಿರಲಾರರು. ಅದು ಕೆಲವರು ಕೆಲವು ವಾರ ಮುಟ್ಟಿದ ತುತ್ತತುದಿ. ಸುದ್ದಿಯಲ್ಲಿ ಉಳಿದದ್ದು ಆ ತುದಿಯ ಅಂಕಿ ಮಾತ್ರ.

ನಿಯಮ ಎಲ್ಲಿಂದ ಬರುತ್ತದೆ

ಅಮೆರಿಕದ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ 1938ರದ್ದು. ಕೆಲಸಕ್ಕೆ ಇಟ್ಟುಕೊಳ್ಳುವುದು ಎಂದರೇನು ಎಂಬುದಕ್ಕೆ ಅದು ಕೊಡುವ ಅರ್ಥ ತೀರಾ ಅಗಲ: ಕೆಲಸ ಮಾಡಲು ಬಿಟ್ಟರೂ ಸಾಕು, ಮಾಡುವುದನ್ನು ನೋಡಿ ಸುಮ್ಮನಿದ್ದರೂ ಸಾಕು, ಇಟ್ಟುಕೊಂಡಂತೆಯೇ. ನೇಮಕಾತಿ ಪತ್ರದ ಮೇಲೆ ಯಾರ ಮೊಹರಿದೆ, ಸಂಬಳ ಯಾವ ದೇಶದ ಖಾತೆಗೆ ಬೀಳುತ್ತದೆ, ನೌಕರನ ಪಾಸ್‌ಪೋರ್ಟ್ ಯಾವ ಬಣ್ಣದ್ದು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದೇ ಕಾಯ್ದೆಯ 13(ಎಫ್) ವಿಧಿ, ಹೊರದೇಶದಲ್ಲಿ ಮಾಡಿದ ಕೆಲಸಕ್ಕೆ ಈ ಕಾಯ್ದೆ ಅನ್ವಯಿಸದು ಎನ್ನುತ್ತದೆ. ಗೆರೆ ಎಳೆದಿರುವುದು ಕೆಲಸ ನಡೆಯುವ ಸ್ಥಳದ ಮೇಲೆ.

ಈ ಗೆರೆಯ ವಿಚಿತ್ರ ನೋಡಿ. ಬೆಂಗಳೂರಿನ ಕಚೇರಿಯಲ್ಲಿ ರಾತ್ರಿ ಪಾಳಿಯಲ್ಲಿ ಕೂತವನೊಬ್ಬ ನೆಟ್‌ವರ್ಕ್ ಮೂಲಕವೇ ಫ್ರೀಮಾಂಟ್‌ನ ಸರ್ವರ್ ಒಳಹೊಕ್ಕು ಅದನ್ನು ಸರಿಮಾಡುತ್ತಾನೆ. ಅವನಿಗೆ ಗಂಟೆಗೆ 75 ರೂಪಾಯಿ ಕೊಡುವುದನ್ನು ಅಮೆರಿಕದ ಕಾನೂನು ಪ್ರಶ್ನಿಸುವುದಿಲ್ಲ. ಅದೇ ಮನುಷ್ಯ, ಅದೇ ಸರ್ವರ್, ಆದರೆ ಈಗ ಅದರ ಹಿಂದೆ ಮಂಡಿಯೂರಿ ಕೇಬಲ್ ಸಿಕ್ಕಿಸುತ್ತಿದ್ದಾನೆ. ಆಗಿನ ದರದಲ್ಲಿ ಕನಿಷ್ಠ ಎಂಟು ಡಾಲರ್ ಕೊಡಲೇಬೇಕಿತ್ತು. ಹೊರಗುತ್ತಿಗೆಯ ಇಡೀ ವ್ಯವಹಾರ ನಿಂತಿರುವುದೇ ಈ ಗೆರೆಯ ಮೇಲೆ. ಇಎಫ್‌ಐ ಎಡವಿದ್ದು, ಮನುಷ್ಯ ಗೆರೆ ದಾಟಿದರೂ ಸಂಬಳ ಆಚೆಯೇ ಉಳಿಯಬಹುದು ಎಂದುಕೊಂಡದ್ದರಲ್ಲಿ.

ಇಂಥ ಕಡೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಸಮಜಾಯಿಷಿಗಳಿವೆ. ಅವರು ತಿಂಗಳ ಸಂಬಳದವರು, ಗಂಟೆಯ ಲೆಕ್ಕ ಅನ್ವಯಿಸದು ಎನ್ನುವುದು ಒಂದು. ಕೆಲವು ಬಗೆಯ ಆಡಳಿತ, ವೃತ್ತಿಪರ ಹಾಗೂ ಕಂಪ್ಯೂಟರ್ ಕೆಲಸಗಳಿಗೆ ಓಟಿಯಿಂದ ವಿನಾಯಿತಿ ಇರುವುದು ನಿಜ. ಆದರೆ ಆಗ ಅದಕ್ಕೆ ವಾರಕ್ಕೆ ಕನಿಷ್ಠ 455 ಡಾಲರ್ ಸಂಬಳವಿರಬೇಕಿತ್ತು, ಕೆಲಸದ ಸ್ವರೂಪವೂ ತಕ್ಕಂತಿರಬೇಕಿತ್ತು. ವಾರಕ್ಕೆ 148 ಡಾಲರಿನವನಿಗೆ ಆ ಬಾಗಿಲೇ ತೆರೆಯದು. ಯಂತ್ರಗಳನ್ನು ಹೊತ್ತು ಜೋಡಿಸುವ ಕೆಲಸ ಸಾಫ್ಟ್‌ವೇರ್ ವಿನ್ಯಾಸವೂ ಅಲ್ಲ. ನಮ್ಮಲ್ಲಿ ‘ಐಟಿಯವರು’ ಎಂದರೆ ಎಲ್ಲರೂ ಒಂದೇ. ಈ ಕಾಯ್ದೆ ಹುದ್ದೆಯ ಹೆಸರು ಕೇಳುವುದಿಲ್ಲ, ದಿನವಿಡೀ ಕೈಯಲ್ಲಿ ಏನಿತ್ತು ಎಂದು ಕೇಳುತ್ತದೆ.

ಎರಡನೆಯದು ಭತ್ಯೆ. ಪರ್ ಡೀಮ್ ಎಂಬ ದಿನಭತ್ಯೆ, ಊಟ, ವಸತಿ ಎಲ್ಲ ಕೊಟ್ಟೆವಲ್ಲ? ಈ ಪ್ರಶ್ನೆ ನಮ್ಮವರಿಗೇ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಯಾಕೆಂದರೆ ಆನ್‌ಸೈಟ್ ಹೋದವರು ಉಳಿತಾಯ ಮಾಡುವುದು ಪರ್ ಡೀಮ್‌ನಲ್ಲೇ. ಮೂರು ಜನ ಒಂದು ಕೋಣೆ ಹಂಚಿಕೊಂಡು, ಅನ್ನ ಸಾರು ಮನೆಯಲ್ಲೇ ಮಾಡಿಕೊಂಡು ಉಳಿಸಿದ ಡಾಲರು ಊರಲ್ಲಿ ಸೈಟಾಗುತ್ತದೆ. ಹಾಗಾಗಿ ಅದೂ ಸಂಬಳವೇ ಎಂದು ಇಬ್ಬರಿಗೂ ಅನ್ನಿಸುತ್ತದೆ. ಅಮೆರಿಕದ ನಿಯಮದಲ್ಲಿ, ಕಂಪನಿಯ ಕೆಲಸದ ಮೇಲೆ ಊರು ಬಿಟ್ಟವನ ಖರ್ಚಿಗೆಂದು ಸಮಂಜಸ ಮಟ್ಟದಲ್ಲಿ ಕೊಟ್ಟ ಹಣ ವೇತನವಲ್ಲ. ಅದನ್ನು ತೋರಿಸಿ ಕನಿಷ್ಠ ವೇತನ ತುಂಬಿದೆವು ಎನ್ನಲಾಗದು. ಕಂಪನಿ ಹೇಳಿದ ಬೋನಸ್ ಮಾತಿಗೂ ನನ್ನ ಪ್ರತಿಕ್ರಿಯೆ ಅಷ್ಟೇ: ಖುಷಿಗೆ ಕೊಟ್ಟ ಇನಾಮು ಗಂಟೆಗಂಟೆಯ ಕೂಲಿಗೂ ಓಟಿಗೂ ಬದಲಿಯಾಗದು.

ಗಮನಕ್ಕೆ ಬಾರದೆ ಹೋಯಿತು?

ಎಪ್ಪತ್ತು ಕೋಟಿ ಡಾಲರ್ ವಹಿವಾಟಿನ, ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಬೆಳೆದ ಕಂಪನಿಗೆ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ ಗೊತ್ತಿರಲಿಲ್ಲವೇ ಎಂದು ನಗುವುದು ಸುಲಭ. ನಾನೂ ಮೊದಲು ನಕ್ಕೆ. ಆದರೆ ಅವರು ಹೇಳಿದ್ದು ಒಂದರ್ಥದಲ್ಲಿ ನಿಜವಿರಬಹುದು ಎಂದು ಈಗ ಅನ್ನಿಸುತ್ತದೆ, ಅದೇ ಇನ್ನೂ ಕಳವಳದ ವಿಷಯ. ನಿಯಮ ಗೊತ್ತಿರುತ್ತದೆ; ಅದು ಇವರಿಗೂ ಅನ್ವಯಿಸುತ್ತದೆ ಎಂಬುದು ಹೊಳೆಯುವುದಿಲ್ಲ. ಬೆಂಗಳೂರಿನವರು ಬೆಂಗಳೂರಿನ ಪೇರೋಲ್‌ನಲ್ಲಿದ್ದಾರೆ, ಬಂದಿದ್ದಾರೆ, ಹೋಗುತ್ತಾರೆ. ಅಲ್ಲಿನ ಎಚ್‌ಆರ್ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ.

ಈ ಕಡೆಯವರ ಮನಸ್ಸೂ ಅದಕ್ಕೆ ಹೊಂದಿಕೊಂಡಿರುತ್ತದೆ. ಆನ್‌ಸೈಟ್ ನಮ್ಮಲ್ಲಿ ಪ್ರಸಾದದ ಹಾಗೆ. ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬುದರ ಮೇಲೆ ಟೀಮಿನಲ್ಲಿ ಮಾತು ಬಿಟ್ಟುಹೋದದ್ದುಂಟು. ಸಿಕ್ಕ ಪ್ರಸಾದವನ್ನು ತಕ್ಕಡಿಗೆ ಹಾಕಿ ತೂಗುವವರು ಯಾರು? ಹೋದವನು ಮ್ಯಾನೇಜರ್ ಮುಂದೆ ಗಂಟೆ ಲೆಕ್ಕ ತೆಗೆದರೆ ಮುಂದಿನ ಸಲ ಅವನ ಹೆಸರು ಪಟ್ಟಿಯಲ್ಲಿರದು ಎಂಬ ಭಯ ಬೇರೆ. ದೂರು ಕೊಟ್ಟವರು ಹೆಸರು ಹೇಳದಿದ್ದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಇನ್ನೊಂದು ಕಾರಣ ವೀಸಾ. ಹೊರಡುವ ಮುನ್ನ ಕಂಪನಿಯ, ನೌಕರನ, ಮನೆಯವರ ಗಮನವೆಲ್ಲ ಅದರ ಮೇಲೆ. 2013ರ ಅಕ್ಟೋಬರ್‌ನಲ್ಲಿ, ಈ ಎಂಟು ಮಂದಿ ಅಲ್ಲಿದ್ದ ಹೊತ್ತಿನಲ್ಲೇ, ಇನ್ಫೋಸಿಸ್ ಅಮೆರಿಕ ಸರ್ಕಾರದೊಂದಿಗೆ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವ್ಯವಹಾರ ಭೇಟಿಗೆಂದು ಇರುವ ಬಿ-1 ವೀಸಾದಲ್ಲಿ ಜನರನ್ನು ಕೆಲಸಕ್ಕೆ ಕಳುಹಿಸುತ್ತಿದೆ ಎಂಬುದು ಆರೋಪ. ಕಂಪನಿ ಅದನ್ನು ಒಪ್ಪಿರಲಿಲ್ಲ. ಆ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲೆಲ್ಲ ಬಂತು. ಅದರಿಂದ ಐಟಿ ವಲಯ ಕಲಿತ ಪಾಠವೂ ವೀಸಾದ್ದೇ. ಆದರೆ ವೀಸಾ ಸರಿಯಿದ್ದರೆ ಸಂಬಳವೂ ಸರಿಯಿದೆ ಎಂದೇನಿಲ್ಲ. ಎಚ್-1ಬಿ ಆದರೆ ಆ ಹುದ್ದೆಗೆ ಆ ಊರಲ್ಲಿ ನಡೆಯುವ ಸಂಬಳ ಕೊಡುತ್ತೇವೆಂದು ಕಂಪನಿ ಮೊದಲೇ ಬರೆದುಕೊಡಬೇಕು. ಕಂಪನಿಯೊಳಗಿನ ವರ್ಗಾವಣೆಯ ಎಲ್-1ಕ್ಕೆ ಅಂಥ ಷರತ್ತಿಲ್ಲ. ಆದರೂ ಕನಿಷ್ಠ ವೇತನ ಮತ್ತು ಓಟಿ ಯಾವ ವೀಸಾದವನಿಗೂ ತಪ್ಪುವುದಿಲ್ಲ.

ಭಾರತೀಯರು ಅಂತ ಹೀಗಾಯಿತು ಎನ್ನುವಂತೆಯೂ ಇಲ್ಲ. ಹೆಚ್ಚು ದೂರವಿಲ್ಲದ ಸನಿವೇಲ್‌ನ ಬ್ಲೂಮ್ ಎನರ್ಜಿ ಮೆಕ್ಸಿಕೋದ ಚಿವಾವಾದಿಂದ ಕೆಲಸಗಾರರನ್ನು ಕರೆಸಿ ವಿದ್ಯುತ್ ಉತ್ಪಾದಕಗಳನ್ನು ದುರಸ್ತಿ ಮಾಡಿಸಿತ್ತು. ಸಂಬಳ ಪೆಸೊದಲ್ಲಿ, ಗಂಟೆಗೆ 2.66 ಡಾಲರಿನಷ್ಟು. ಅದನ್ನೂ ಅದೇ ಇಲಾಖೆ ಹಿಡಿಯಿತು. ಅಲ್ಲಿ ಬಾಕಿ ಸುಮಾರು 32 ಸಾವಿರ ಡಾಲರ್, ಅದರ ಮೇಲೆ ಅಷ್ಟೇ ಮೊತ್ತದ ಪರಿಹಾರವನ್ನೂ ಕೊಡಬೇಕಾಯಿತು. ಬಾಕಿಯ ಜೊತೆ ಅಷ್ಟೇ ಹಣ ಮತ್ತೊಮ್ಮೆ ಕೇಳಲು 1938ರ ಕಾಯ್ದೆಯಲ್ಲೇ ಅವಕಾಶವಿದೆ. ಇಎಫ್‌ಐ ವಿಷಯದಲ್ಲಿ ಘೋಷಿಸಿದ್ದು ಬಾಕಿ ಮತ್ತು ದಂಡ ಮಾತ್ರ. ದಂಡವನ್ನು ಎಂಟು ಮಂದಿಗೆ ಹಂಚಿದರೆ ತಲೆಗೆ ಸುಮಾರು 440 ಡಾಲರ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರುವ ಟಿಕೆಟ್ಟಿಗೂ ಅದು ಸಾಲದು.

ಇತ್ತ ಕರ್ನಾಟಕದಲ್ಲಿ

ಆ 122 ಗಂಟೆಯನ್ನು ಅವರು ಬೆಂಗಳೂರಿನಲ್ಲೇ ದುಡಿದಿದ್ದರೆ? 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದಿತ್ತು. ಓಟಿ ಸೇರಿದರೂ ದಿನಕ್ಕೆ 10 ದಾಟುವಂತಿರಲಿಲ್ಲ, ಮೂರು ತಿಂಗಳಿಗೆ ಒಟ್ಟು ಓಟಿ 50 ಗಂಟೆ, ಅದಕ್ಕೆ ಎರಡು ಪಟ್ಟು ಸಂಬಳ. ಅಂಥ ಒಂದೇ ವಾರದ ಓಟಿ 74 ಗಂಟೆ. ಮೂರು ತಿಂಗಳ ಮಿತಿ ಒಂದೇ ವಾರದಲ್ಲಿ ಮುಗಿದು ಮೇಲೆ 24 ಉಳಿಯಿತು. ಓಟಿಯ ದರದಲ್ಲಿ ನಮ್ಮ ಕಾಯ್ದೆ ಅಮೆರಿಕದ ಫೆಡರಲ್ ಕಾಯ್ದೆಗಿಂತ ಉದಾರ. ಅದನ್ನು ಐಟಿ ಕಂಪನಿಯೊಂದರಲ್ಲಿ ಕೇಳಿ ಪಡೆದವರನ್ನು ನಾನು ಕಂಡಿಲ್ಲ, ಆ ಮಾತು ಬೇರೆ.

ಆದರೆ ಈ ಕಾಯ್ದೆ ರಾಜ್ಯದ ಗಡಿಯೊಳಗಿನ ಸಂಸ್ಥೆಗಳಿಗೆ. ಹೊರದೇಶಕ್ಕೆ ಹೋಗುವವರಿಗೆಂದು ನಮ್ಮಲ್ಲಿದ್ದ ಮುಖ್ಯ ಕಾನೂನು 1983ರ ವಲಸೆ ಕಾಯ್ದೆ. ಅದರ ಅನುಮತಿ ವ್ಯವಸ್ಥೆಯ ಕಾಳಜಿ ಹತ್ತನೇ ತರಗತಿ ದಾಟದೆ ಕೊಲ್ಲಿ ರಾಷ್ಟ್ರಗಳಿಗೆ ಹೋಗುವಂಥ ಕೂಲಿಕಾರರ ಮೇಲೆ. ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಾಲಿಗೆ ನಿಂತವನು ಆ ಕಣ್ಣಿಗೆ ಬೀಳುವುದಿಲ್ಲ; ಓದಿದವನು, ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬ ಭಾವನೆ. ಕಂಪನಿಯೇ ಹೊರಗೆ ಕಳುಹಿಸಿದ ನೌಕರನಿಗೆ ಇಂತಿಷ್ಟು ಕೊಡಬೇಕು ಎಂದು ಹೇಳುವ ನಿಯಮ ಇಲ್ಲಿಲ್ಲ. ಹಾಗಾಗಿ ಅವನ ರಕ್ಷಣೆಯೆಲ್ಲ ಹೋದ ದೇಶದ ಕಾನೂನಿನದ್ದು.

ಪಿಎಫ್‌ನದ್ದು ಇನ್ನೊಂದು ಕಥೆ. ಬೆಲ್ಜಿಯಂ, ಜರ್ಮನಿ, ಫ್ರಾನ್ಸ್‌ನಂಥ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವಿದೆ. ಅಲ್ಲಿಗೆ ತಾತ್ಕಾಲಿಕವಾಗಿ ಹೋಗುವವರು ಪಿಎಫ್ ಕಚೇರಿಯಿಂದ ಪ್ರಮಾಣಪತ್ರ ತೆಗೆದುಕೊಂಡರೆ ಎರಡೆರಡು ಕಡೆ ಕಟ್ಟುವುದು ತಪ್ಪುತ್ತದೆ. ನಮ್ಮವರು ಅತಿ ಹೆಚ್ಚು ಹೋಗುವ ದೇಶಗಳಲ್ಲೊಂದಾದ ಅಮೆರಿಕದ ಜೊತೆ ಈ ಪ್ರಕರಣ ನಡೆದಾಗ ಅಂಥ ಒಪ್ಪಂದವಿರಲಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಈ ವಿಷಯಕ್ಕೆಂದೇ ನಿರ್ದೇಶನವಿದೆ, 1996ರದ್ದು. ಒಂದು ಸದಸ್ಯ ದೇಶದ ಕಂಪನಿ ಇನ್ನೊಂದಕ್ಕೆ ಕಳುಹಿಸಿದ ಕೆಲಸಗಾರನಿಗೆ ಹೋದ ದೇಶದ ಕನಿಷ್ಠ ವೇತನ, ಕೆಲಸದ ಅವಧಿ, ರಜೆ, ಸುರಕ್ಷತೆ ಅನ್ವಯಿಸಬೇಕು ಎನ್ನುತ್ತದೆ. 2018ರ ತಿದ್ದುಪಡಿ, 2020ರ ಜುಲೈ 30ರಿಂದ, ಕನಿಷ್ಠ ಎಂಬಲ್ಲಿ ನಿಲ್ಲದೆ ಅಲ್ಲಿನವರಿಗೆ ಕಡ್ಡಾಯವಾಗಿ ಕೊಡುವ ಪೂರ್ತಿ ವೇತನ ಎಂದಿತು. ಪ್ರಯಾಣ, ಊಟ, ವಸತಿಯ ಖರ್ಚನ್ನು ವೇತನದೊಳಗೆ ಎಣಿಸಬಾರದೆಂದು ಬಿಡಿಸಿ ಬರೆಯಿತು. ಸದಸ್ಯರಲ್ಲದ ದೇಶದ ಕಂಪನಿಗಳಿಗೆ ಇದಕ್ಕಿಂತ ಸಲೀಸಾದ ಉಪಚಾರ ಸಲ್ಲದು ಎಂಬ ಮಾತೂ ಅದರಲ್ಲಿದೆ. ಅಮೆರಿಕ ಇಷ್ಟನ್ನೆಲ್ಲ ಬರೆದಿಲ್ಲ. ಅಲ್ಲಿ ನಿಯೋಜಿತ ಕೆಲಸಗಾರ ಎಂಬ ಪ್ರತ್ಯೇಕ ಜಾತಿಯೇ ಇಲ್ಲ. ನೆಲದ ಮೇಲಿದ್ದಾನೆ, ದುಡಿಯುತ್ತಿದ್ದಾನೆ, ಅಷ್ಟು ಸಾಕು.

ಹೊರಡುವ ಮುನ್ನ ಕಂಪನಿ ಕೊಡುವ ಡೆಪ್ಯುಟೇಷನ್ (ನಿಯೋಜನೆ) ಪತ್ರದಲ್ಲಿ ನೋಡಬೇಕಾದದ್ದು ಇದರಿಂದಲೇ ಗೊತ್ತಾಗುತ್ತದೆ. ಅಲ್ಲಿದ್ದಷ್ಟು ದಿನ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಎರಡನ್ನೂ ಬೇರೆಬೇರೆ ಬರೆದಿದ್ದಾರೆಯೇ? ವಾರಕ್ಕೆ ಎಷ್ಟು ಗಂಟೆ ಎಂದಿದೆಯೇ? ಅಲ್ಲಿನ ಪೇಸ್ಲಿಪ್ ಬರುತ್ತದೆಯೇ? ಇನ್ನೊಂದು, ಅಮೆರಿಕದಲ್ಲಿ ಬಾಕಿ ಕೇಳಲು ಗಡುವಿದೆ: ಸಾಮಾನ್ಯವಾಗಿ ಎರಡು ವರ್ಷ, ಕಂಪನಿ ಗೊತ್ತಿದ್ದೇ ತಪ್ಪು ಮಾಡಿದ್ದರೆ ಮೂರು.

ಗಂಟೆಗಳ ದಾಖಲೆ ಇಡುವ ಹೊಣೆ ಕಂಪನಿಯದ್ದು. ಕಂಪನಿ ಇಡದಿದ್ದರೆ ನೌಕರ ಕೈಚೆಲ್ಲಿ ಕೂರಬೇಕಾಗಿಲ್ಲ. 1946ರಲ್ಲಿ ಕುಂಬಾರಿಕೆ ಕಾರ್ಖಾನೆಯೊಂದರ ಕೆಲಸಗಾರರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಾಲೀಕನ ಲೆಕ್ಕ ಸರಿಯಿಲ್ಲದಿದ್ದರೆ ಕೆಲಸಗಾರ ಕೊಡುವ ನ್ಯಾಯವಾದ ಅಂದಾಜನ್ನೇ ಆಧಾರವಾಗಿ ಹಿಡಿಯಬಹುದು, ಸುಳ್ಳೆಂದು ತೋರಿಸುವ ಭಾರ ಮಾಲೀಕನದ್ದು ಎಂದಿತು. ಆನ್‌ಸೈಟ್ ಹೊರಟವನ ಚೀಲದಲ್ಲಿ ಎಂಟಿಆರ್ ಪುಡಿ ಪೊಟ್ಟಣಗಳ ಜೊತೆ ಒಂದು ಸಣ್ಣ ನೋಟ್‌ಬುಕ್ ಇರಲಿ. ಬೆಳಿಗ್ಗೆ ಎಷ್ಟಕ್ಕೆ ಒಳಗೆ ಹೋದೆ, ರಾತ್ರಿ ಎಷ್ಟಕ್ಕೆ ಹೊರಬಂದೆ, ನಡುವೆ ಊಟಕ್ಕೆ ಎಷ್ಟು ನಿಮಿಷ: ದಿನಕ್ಕೆ ಮೂರು ಅಂಕಿ, ಪಕ್ಕದಲ್ಲಿ ತಾರೀಖು.